ಕತ್ತಲಿಗೆ ಎಷ್ಟು ಬೆಳಕು ಬೇಕು?

ಪಾಸ್ಖ ಜಾಗರಣೆಯ ರಾತ್ರಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ದೇವಾಲಯದ ದೀಪಗಳೆಲ್ಲ ಆರಿವೆ. ಹೊರಗಿನ ಅಂಗಳದಲ್ಲಿ ಹೊಸ ಬೆಂಕಿಯನ್ನು ಆಶೀರ್ವದಿಸಿ, ಅದರಿಂದ ಹೊತ್ತಿಸಿದ ಪಾಸ್ಖ ಮೇಣದಬತ್ತಿಯನ್ನು ಕತ್ತಲಿನ ನಡುವೆ ಒಳಗೆ ತರುತ್ತಾರೆ. ಆ ಒಂದು ಜ್ವಾಲೆಯಿಂದ ಕೆಲವರು ತಮ್ಮ ಬತ್ತಿಗಳನ್ನು ಹೊತ್ತಿಸಿಕೊಳ್ಳುತ್ತಾರೆ, ಅವರಿಂದ ಪಕ್ಕದವರು, ಅವರಿಂದ ಮುಂದಿನ ಸಾಲಿನವರು. ಮುಖಗಳು ಒಂದೊಂದಾಗಿ ಇರುಳಿನಿಂದ ಹೊರಬರುತ್ತವೆ. ಅಷ್ಟರಲ್ಲಿ ಎಲ್ಲಿಂದಲೋ ಒಂದು ಫ್ಲ್ಯಾಶ್ ಹೊಳೆಯುತ್ತದೆ. ಕ್ಷಣಮಾತ್ರ ಗೋಡೆ, ಕಂಬ, ಬೆಂಚುಗಳೆಲ್ಲ ಬೆಳ್ಳಗೆ ಕಂಡು ಮರೆಯಾಗುತ್ತವೆ. ಆಮೇಲೆ ನಿಮ್ಮ ಕಣ್ಣ ಮುಂದೆ ತೇಲುವುದು ಮೇಣದಬತ್ತಿಯ ಜ್ವಾಲೆಯಲ್ಲ, ಒಂದು ನೀಲಿ ಮಚ್ಚೆ.

ಮರುದಿನ ಆ ಚಿತ್ರವನ್ನು ನೋಡಿದರೆ ಇನ್ನೊಂದು ಸೋಜಿಗ ಕಾಣುತ್ತದೆ. ಅದರಲ್ಲಿ ಎಲ್ಲರ ಕೈಯಲ್ಲೂ ಮೇಣದಬತ್ತಿಗಳಿವೆ. ಆದರೆ ಅವುಗಳಿಂದ ಬೆಳಕು ಬರುತ್ತಿರುವಂತೆ ತೋರುವುದಿಲ್ಲ. ಮುಖಗಳನ್ನು ಬೆಳಗಿಸಿರುವುದು ಕ್ಯಾಮರಾದ ದೀಪ. ಆ ರಾತ್ರಿಯ ಬೆಳಕನ್ನು ಹಿಡಿದಿಡಲು ಹೊರಟ ಚಿತ್ರ, ಆ ರಾತ್ರಿಯ ಬೆಳಕನ್ನೇ ಅಳಿಸಿಹಾಕಿದೆ.

ನಾನು ವೃತ್ತಿಯಿಂದ ಛಾಯಾಗ್ರಾಹಕನಲ್ಲ. ಫಿಲ್ಮ್ ಸುರುಳಿಯಲ್ಲಿ ಮೂವತ್ತಾರು ಚಿತ್ರಗಳಷ್ಟೇ ಸಿಗುತ್ತಿದ್ದ ಕಾಲದಿಂದ, ಧರ್ಮಕೇಂದ್ರದ ಹಬ್ಬ, ಮದುವೆ, ಸಾವುಗಳಲ್ಲಿ ಕ್ಯಾಮರಾ ಹಿಡಿದು ಒಂದು ಮೂಲೆಯಲ್ಲಿ ನಿಂತವನು. ಈ ಎಲ್ಲ ವರ್ಷಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬಿಸಿಲಿನ ಚಿತ್ರಗಳಲ್ಲ, ಮಬ್ಬು ಬೆಳಕಿನ ಚಿತ್ರಗಳು. ಕತ್ತಲಲ್ಲಿರುವ ಮನುಷ್ಯನ ಚಿತ್ರವನ್ನು ಹೇಗೆ ತೆಗೆಯಬೇಕು? ಇರುವ ಬೆಳಕು ಸಾಕೇ, ನಾವು ತರಬೇಕೇ? ತರುವುದಾದರೆ ಎಷ್ಟು, ಯಾವ ದಿಕ್ಕಿನಿಂದ, ಯಾರನ್ನು ಕೇಳಿ? ಮೇಲ್ನೋಟಕ್ಕೆ ಇದು ತಾಂತ್ರಿಕ ಪ್ರಶ್ನೆ. ಆದರೆ ತುಸು ಆಳಕ್ಕಿಳಿದರೆ ಇದು ನೆರೆಯವರ ಕುರಿತ ಪ್ರಶ್ನೆಯೂ ಹೌದು ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಮೊದಲು ಕತ್ತಲಿನ ಅಳತೆಯನ್ನು ನೋಡೋಣ. ಬೆಳಕು ಒಂದು ವಸ್ತುವಿನ ಮೇಲೆ ಎಷ್ಟು ಬೀಳುತ್ತದೆ ಎಂಬುದನ್ನು ‘ಲಕ್ಸ್’ ಎಂಬ ಮಾನದಲ್ಲಿ ಅಳೆಯುತ್ತಾರೆ. ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್. ಟ್ಯೂಬ್‌ಲೈಟ್ ಉರಿಯುವ ಮನೆಯ ಕೋಣೆ ನೂರಿನ್ನೂರು ಲಕ್ಸ್. ಒಂದು ಮೀಟರ್ ದೂರದಲ್ಲಿ ಉರಿಯುವ ಒಂದು ಮೇಣದಬತ್ತಿ ಕೊಡುವುದು ಹೆಚ್ಚುಕಡಿಮೆ ಒಂದೇ ಒಂದು ಲಕ್ಸ್. ಲಕ್ಷಕ್ಕೂ ಒಂದಕ್ಕೂ ನಡುವಿನ ಈ ಅಂತರವನ್ನು ನಮ್ಮ ಕಣ್ಣುಗಳು ದಿನವೂ ದಾಟುತ್ತವೆ. ನಾವದನ್ನು ಗಮನಿಸುವುದೂ ಇಲ್ಲ. ಕತ್ತಲಿಗೆ ಹೊಕ್ಕಾಗ ಕಣ್ಣಿನ ಪಾಪೆ ಅರಳುತ್ತದೆ, ಅಕ್ಷಿಪಟಲ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಹೀಗೆ ತಾಳ್ಮೆಯಿಂದ ಗಳಿಸಿಕೊಂಡ ನೋಟವನ್ನು ಒಂದು ಫ್ಲ್ಯಾಶ್ ಕ್ಷಣಾರ್ಧದಲ್ಲಿ ಕಸಿದುಕೊಳ್ಳಬಲ್ಲದು.

ಕ್ಯಾಮರಾಕ್ಕೆ ಕಣ್ಣಿನ ಈ ಹೊಂದಾಣಿಕೆ ತಾನಾಗಿ ಬರುವುದಿಲ್ಲ. ಕಡಿಮೆ ಬೆಳಕಿನಲ್ಲಿ ಅದಕ್ಕೆ ಮೂರು ದಾರಿಗಳಿವೆ. ಮೂರಕ್ಕೂ ಸುಂಕ ತೆರಬೇಕು. ಮೊದಲನೆಯದು, ಶಟರನ್ನು ಹೆಚ್ಚು ಹೊತ್ತು ತೆರೆದಿಡುವುದು. ಆಗ ಬೆಳಕು ಹೆಚ್ಚು ಸೇರುತ್ತದೆ. ಆದರೆ ಕೈ ನಡುಗಿದರೂ, ಎದುರಿನವರು ಅಲುಗಿದರೂ ಚಿತ್ರ ಕದಡುತ್ತದೆ. ಎರಡನೆಯದು, ಮಸೂರದ ರಂಧ್ರವನ್ನು ಅಗಲಿಸುವುದು. ಆಗ ಸ್ಪಷ್ಟವಾಗಿ ಕಾಣುವ ಆಳ ತೀರಾ ಕಿರಿದಾಗುತ್ತದೆ. ಕಣ್ಣು ಸ್ಪಷ್ಟವಾಗಿದ್ದರೆ ಕಿವಿ ಮಸುಕು. ಮೂರನೆಯದು, ಫಿಲ್ಮಿನ ಅಥವಾ ಸಂವೇದಕದ ಗ್ರಹಣಶಕ್ತಿಯನ್ನು, ಅಂದರೆ ಐ.ಎಸ್.ಒ. ಸಂಖ್ಯೆಯನ್ನು ಏರಿಸುವುದು. ಆಗ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಕಾಳು ಕಾಳು ಕಾಣಿಸಿಕೊಳ್ಳುತ್ತದೆ. ಕೈಯಲ್ಲಿ ಹಿಡಿದ ಮೇಣದಬತ್ತಿಯ ಬೆಳಕಿನಲ್ಲಿ ಒಂದು ಮುಖವನ್ನು ಫ್ಲ್ಯಾಶ್ ಇಲ್ಲದೆ ತೆಗೆಯಲು ಐ.ಎಸ್.ಒ. 3200, ರಂಧ್ರ ಎಫ್/2, ಶಟರ್ 1/30 ಸೆಕೆಂಡು ಎಂದು ಇಟ್ಟುಕೊಂಡು ಆರಂಭಿಸಬಹುದು. ಮೂರೂ ಸುಂಕಗಳನ್ನು ಸ್ವಲ್ಪ ಸ್ವಲ್ಪವಾಗಿ ತೆತ್ತು ಪಡೆಯುವ ಚಿತ್ರವದು.

ಈ ಸುಂಕ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಚಲನಚಿತ್ರರಂಗದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಸ್ಟ್ಯಾನ್ಲಿ ಕೂಬ್ರಿಕ್ 1975ರಲ್ಲಿ ಹೊರತಂದ ‘ಬ್ಯಾರಿ ಲಿಂಡನ್’ ಚಿತ್ರದ ಕೆಲವು ದೃಶ್ಯಗಳನ್ನು ಮೇಣದಬತ್ತಿಗಳ ಬೆಳಕಿನಲ್ಲೇ ಚಿತ್ರೀಕರಿಸಿದರು. ಅದಕ್ಕಾಗಿ ಅವರು ಬಳಸಿದ್ದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಕ್ಕಾಗಿ ಝೈಸ್ ಕಂಪನಿ ತಯಾರಿಸಿದ್ದ ಎಫ್/0.7 ಮಸೂರ. ಅಷ್ಟು ಅಗಲವಾದ ಮಸೂರದಲ್ಲಿ ಸ್ಪಷ್ಟತೆಯ ಆಳ ಎಷ್ಟು ಕಿರಿದೆಂದರೆ, ನಟರು ಹಿಂದೆ ಮುಂದೆ ಹೆಚ್ಚು ಸರಿಯುವಂತಿರಲಿಲ್ಲ. ಮಬ್ಬು ಬೆಳಕು ತನ್ನೆದುರಿಗಿರುವವರಿಂದ ನಿಶ್ಚಲತೆಯನ್ನು ಬೇಡುತ್ತದೆ.

ಈ ಮೂರೂ ದಾರಿಗಳು ಸಾಲದೆ ಬಂದಾಗ ಉಳಿಯುವ ನಾಲ್ಕನೆಯ ದಾರಿಯೇ ಬೆಳಕನ್ನು ನಾವೇ ಹೊತ್ತು ತರುವುದು. ಅದರ ಚರಿತ್ರೆಯನ್ನು ಓದುವಾಗ ನನ್ನನ್ನು ಬಹುಕಾಲ ಕಾಡಿದವರು ಜೇಕಬ್ ರೀಸ್.

ಡೆನ್ಮಾರ್ಕಿನ ರೀಬೆ ಎಂಬ ಊರಿನಲ್ಲಿ 1849ರಲ್ಲಿ ಹುಟ್ಟಿದ ರೀಸ್, ಅಮೆರಿಕಕ್ಕೆ ವಲಸೆ ಹೋಗಿ, ಹಸಿವು ಮತ್ತು ನಿರುದ್ಯೋಗವನ್ನು ಅನುಭವಿಸಿ, ಕೊನೆಗೆ ನ್ಯೂಯಾರ್ಕಿನಲ್ಲಿ ಪೊಲೀಸ್ ಸುದ್ದಿಗಳ ವರದಿಗಾರರಾದರು. ಅಲ್ಲಿನ ಬಡವರ ವಠಾರಗಳ ಕಿಟಕಿಯಿಲ್ಲದ ಕೋಣೆಗಳ ಬಗೆಗೆ ಅವರು ಎಷ್ಟು ಬರೆದರೂ ಜನರ ಮನಸ್ಸು ಕದಲಲಿಲ್ಲ. ತೋರಿಸೋಣವೆಂದರೆ ಆ ಕತ್ತಲಿನಲ್ಲಿ ಅಂದಿನ ಕ್ಯಾಮರಾಗಳಿಗೆ ಏನೂ ಕಾಣುತ್ತಿರಲಿಲ್ಲ. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೋಹಾನ್ನೆಸ್ ಗೇಡಿಕೆ ಎಂಬವರು ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಮೊದಲಾದವನ್ನು ಬೆರೆಸಿ, ಕಿಡಿ ತಾಗಿದೊಡನೆ ಭಗ್ಗನೆ ಹೊತ್ತಿ ಬೆಳಗುವ ಪುಡಿಯನ್ನು ಕಂಡುಹಿಡಿದರು. ಪತ್ರಿಕೆಯ ಮೂಲೆಯಲ್ಲಿ ಬಂದ ಆ ಪುಟ್ಟ ಸುದ್ದಿಯನ್ನು ಓದಿದ ರೀಸ್, ಕೆಲವು ಹವ್ಯಾಸಿ ಛಾಯಾಗ್ರಾಹಕರನ್ನು ಕೂಡಿಸಿಕೊಂಡು ರಾತ್ರಿ ವೇಳೆ ಆ ಕೋಣೆಗಳಿಗೆ ನುಗ್ಗಿದರು. ಹದಿಮೂರು ಅಡಿ ಉದ್ದಗಲವೂ ಇಲ್ಲದ ಒಂದು ಕೋಣೆಯಲ್ಲಿ ಹನ್ನೆರಡು ಮಂದಿ ಗಂಡಸರು, ಹೆಂಗಸರು ಮಲಗಿದ್ದನ್ನು ಅವರು ದಾಖಲಿಸಿದರು. 1890ರಲ್ಲಿ ಅವರ ‘ಹೌ ದಿ ಅದರ್ ಹಾಫ್ ಲಿವ್ಸ್’ ಪುಸ್ತಕ ಹೊರಬಂದು ಇಡೀ ನಗರವನ್ನು ಬೆಚ್ಚಿಬೀಳಿಸಿತು. 1895ರಲ್ಲಿ ನ್ಯೂಯಾರ್ಕಿನ ಪೊಲೀಸ್ ಮಂಡಳಿಯ ಅಧ್ಯಕ್ಷರಾದ, ಮುಂದೆ ದೇಶದ ಅಧ್ಯಕ್ಷರೂ ಆದ ಥಿಯೋಡರ್ ರೂಸ್ವೆಲ್ಟ್ ಅವರೊಡನೆ ರಾತ್ರಿಯ ಬೀದಿಗಳಲ್ಲಿ ಸುತ್ತಾಡಿದರು. ‘ಮಲ್ಬೆರಿ ಬೆಂಡ್’ ಎಂಬ ಕುಖ್ಯಾತ ಕೊಳೆಗೇರಿಯನ್ನು ಕೆಡವಿ, ಆ ಜಾಗದಲ್ಲಿ 1897ರಲ್ಲಿ ಉದ್ಯಾನವೊಂದನ್ನು ತೆರೆಯಲಾಯಿತು. ಒಂದು ಹಿಡಿ ಪುಡಿಯ ಬೆಳಕು ಅಷ್ಟು ದೂರ ತಲುಪಿತು.

ಆದರೆ ಓದುಗರೇ, ಆ ಚಿತ್ರಗಳನ್ನು ಇನ್ನೊಮ್ಮೆ ನೋಡಿ. ಮಲಗಿದ್ದವರು ಎದ್ದು ಕಣ್ಣು ಕಿರಿದಾಗಿಸಿ, ಏನಾಯಿತೆಂದು ತಿಳಿಯದೆ ಪೆಚ್ಚಾಗಿದ್ದಾರೆ. ನಡುರಾತ್ರಿ ಅಪರಿಚಿತರು ಒಳನುಗ್ಗಿ ಕಣ್ಣೆದುರು ಬೆಂಕಿ ಹೊತ್ತಿಸಿದರೆ ಯಾರಾದರೂ ಹಾಗೆಯೇ ಆಗುತ್ತಾರೆ. ಈ ಸಾಹಸದಲ್ಲಿ ಎರಡು ಬಾರಿ ಮನೆಗೂ ಒಂದು ಬಾರಿ ತನಗೂ ಬೆಂಕಿ ಹಚ್ಚಿಕೊಂಡೆನೆಂದು ರೀಸ್ ಅವರೇ ದಾಖಲಿಸಿದ್ದಾರೆ. ಅವರ ಉದ್ದೇಶ ಒಳ್ಳೆಯದಾಗಿತ್ತು, ಫಲವೂ ಒಳ್ಳೆಯದಾಯಿತು. ಆದರೂ ಆ ಹನ್ನೆರಡು ಮಂದಿಯಲ್ಲಿ ಒಬ್ಬರ ಮುಖವೂ ನಮಗೆ ಅವರ ನಿಜವಾದ ಮುಖವಾಗಿ ಸಿಗುವುದಿಲ್ಲ. ನಮಗೆ ಸಿಗುವುದು ಬೆಳಕಿನ ಪೆಟ್ಟು ತಿಂದ ಮುಖ.

ಹಾಗಾದರೆ ಫ್ಲ್ಯಾಶ್ ಬಿಟ್ಟವನೇ ಸಜ್ಜನನೇ? ಅವಸರದ ತೀರ್ಮಾನ ಬೇಡ. ಎರಿಶ್ ಸಾಲೊಮೊನ್ ಎಂಬ ಜರ್ಮನ್ ಛಾಯಾಗ್ರಾಹಕರ ಕಥೆಯನ್ನೂ ಕೇಳಿ. ಬರ್ಲಿನ್ನಿನ ಯೆಹೂದಿ ಕುಟುಂಬದಲ್ಲಿ 1886ರಲ್ಲಿ ಹುಟ್ಟಿದ ಅವರು ಕಾನೂನು ಓದಿದವರು. 1924ರಲ್ಲಿ ಮಾರುಕಟ್ಟೆಗೆ ಬಂದ ‘ಎರ್ಮಾನಾಕ್ಸ್’ ಎಂಬ ಪುಟ್ಟ ಕ್ಯಾಮರಾಕ್ಕೆ ಆ ಕಾಲಕ್ಕೆ ಅಚ್ಚರಿ ಎನಿಸುವ ಎಫ್/2 ಮಸೂರವಿತ್ತು. ಅದರಿಂದ ಅವರು ಸಭಾಂಗಣಗಳಲ್ಲಿ, ಔತಣಕೂಟಗಳಲ್ಲಿ, ಇದ್ದ ದೀಪಗಳ ಬೆಳಕಿನಲ್ಲೇ ಚಿತ್ರ ತೆಗೆಯತೊಡಗಿದರು. 1928ರಲ್ಲಿ ಬರ್ಲಿನ್ನಿನ ಒಂದು ನ್ಯಾಯಾಲಯದೊಳಗೆ, ಟೋಪಿಗೆ ತೂತು ಕೊರೆದು ಅದರಲ್ಲಿ ಕ್ಯಾಮರಾ ಬಚ್ಚಿಟ್ಟುಕೊಂಡು, ಕೊಲೆ ಮೊಕದ್ದಮೆಯೊಂದರ ಚಿತ್ರಗಳನ್ನು ತೆಗೆದರು. 1931ರಲ್ಲಿ ಪ್ಯಾರಿಸ್ಸಿನ ಔತಣವೊಂದರಲ್ಲಿ ಫ್ರಾನ್ಸಿನ ವಿದೇಶಾಂಗ ಮಂತ್ರಿ ಅರಿಸ್ಟೀಡ್ ಬ್ರಿಯಾಂ ಇವರನ್ನು ಗುರುತಿಸಿ ಬೆರಳು ತೋರಿದ ಕ್ಷಣವನ್ನೇ ಚಿತ್ರವಾಗಿಸಿದರು. ಅದು ಇಂದಿಗೂ ಪ್ರಸಿದ್ಧ. ದೊಡ್ಡವರು ಮುಖವಾಡ ಕಳಚಿ ಆಕಳಿಸುವುದನ್ನು, ಪಿಸುಗುಟ್ಟುವುದನ್ನು ಜಗತ್ತು ಮೊದಲು ಕಂಡದ್ದು ಇಂಥ ಚಿತ್ರಗಳಲ್ಲಿ. ಅವರ ಅಂತ್ಯ ದಾರುಣ: ನಾಜಿಗಳು ಅವರನ್ನು 1944ರಲ್ಲಿ ಆಶ್ವಿಟ್ಸ್ ಶಿಬಿರದಲ್ಲಿ ಕೊಂದರು.

ಸಾಲೊಮೊನ್ ಯಾರ ಕಣ್ಣಿಗೂ ಬೆಳಕು ಹಾಯಿಸಲಿಲ್ಲ. ಆದರೆ ಅನುಮತಿಯನ್ನೂ ಕೇಳಲಿಲ್ಲ. ರೀಸ್ ಬೆಳಕು ಹಾಯಿಸಿದರು. ಕಡೆಯ ಪಕ್ಷ ತಾನು ಬಂದಿದ್ದೇನೆಂಬುದನ್ನು ಮುಚ್ಚಿಡಲಿಲ್ಲ. ಫ್ಲ್ಯಾಶಿಗೆ ಒರಟುತನವಿದೆ, ಜೊತೆಗೆ ಒಂದು ಬಗೆಯ ಪ್ರಾಮಾಣಿಕತೆಯೂ ಇದೆ. ‘ನಿನ್ನ ಚಿತ್ರ ತೆಗೆದೆ’ ಎಂದು ಅದು ಸಾರಿಬಿಡುತ್ತದೆ. ಇಂದಿನ ಫೋನು ಮಬ್ಬು ಬೆಳಕಿನಲ್ಲೂ ಸದ್ದಿಲ್ಲದೆ, ಮಿಂಚಿಲ್ಲದೆ ಚಿತ್ರ ತೆಗೆಯುತ್ತದೆ. 2018ರಿಂದೀಚೆಗೆ ಫೋನುಗಳಲ್ಲಿ ರೂಢಿಗೆ ಬಂದ ರಾತ್ರಿ ಚಿತ್ರಣದ ಸೌಲಭ್ಯ, ಒಂದರ ಹಿಂದೊಂದು ಹಲವು ಚಿತ್ರಗಳನ್ನು ತೆಗೆದು, ಅವನ್ನು ಒಂದರ ಮೇಲೊಂದು ಹೊಂದಿಸಿ, ಕಾಳುಗಳನ್ನು ಕಳೆದು ಬೆಳಕನ್ನು ಕೂಡಿಸುತ್ತದೆ. ಇದು ದೊಡ್ಡ ವರ. ಆದರೆ ಆಸ್ಪತ್ರೆಯ ಹಾಸಿಗೆಯಲ್ಲಿರುವವರ, ಶವದ ಮುಂದೆ ಕುಳಿತು ಅಳುವವರ ಚಿತ್ರಗಳು ಅವರಿಗೇ ತಿಳಿಯದೆ ಹತ್ತು ಊರು ಸುತ್ತುವುದಕ್ಕೂ ಇದೇ ಸೌಲಭ್ಯ ದಾರಿ ಮಾಡಿದೆ. ಆದ್ದರಿಂದ ಪ್ರಶ್ನೆ ಇರುವುದು ಫ್ಲ್ಯಾಶ್ ಬೇಕೇ ಬೇಡವೇ ಎಂಬುದರಲ್ಲಿ ಮಾತ್ರವಲ್ಲ. ಎದುರಿಗಿರುವ ವ್ಯಕ್ತಿಗೆ ನಾವು ಕಾಣುತ್ತಿದ್ದೇವೆಯೇ ಎಂಬುದರಲ್ಲಿದೆ.

ಈ ಮಾತನ್ನು ನನಗೆ ಕಲಿಸಿದವರು ಒಬ್ಬ ಅಜ್ಜಿ. ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಸ್ಮರಣ ಸಂಚಿಕೆಗೆ ಹಿರಿಯರ ಚಿತ್ರಗಳನ್ನು ತೆಗೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತೊಂಬತ್ತರ ಅಂಚಿನಲ್ಲಿದ್ದ ಆ ಅಜ್ಜಿ ಹೆಂಚಿನ ಮನೆಯ ಒಳಕೋಣೆಯಲ್ಲಿ ಮಂಚ ಹಿಡಿದಿದ್ದರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಜೋರು ಬೆಳಕು ಅವರಿಗೆ ಆಗುತ್ತಿರಲಿಲ್ಲ. ಸೊಸೆ ನನ್ನನ್ನು ಬಾಗಿಲಲ್ಲೇ ತಡೆದು ಹೇಳಿದರು: “ಅಣ್ಣಾ, ಅತ್ತೆಯದು ಒಂದು ಒಳ್ಳೆ ಫೋಟೋ ನಮ್ಮಲ್ಲಿಲ್ಲ. ಗುರುತಿನ ಚೀಟಿಯಲ್ಲಿ ಇರೋದೊಂದೇ. ಅದರಲ್ಲೂ ಕಣ್ಣು ಮುಚ್ಚಿಬಿಟ್ಟಿದ್ದಾರೆ.” ಆ ಮಾತಿನ ಹಿಂದಿನ ಆತಂಕ ನನಗೆ ಅರ್ಥವಾಯಿತು. ಮನೆಯವರ ಪಾಲಿಗೆ ಉಳಿಯಲಿದ್ದ ಮುಖ ಅದೊಂದೇ. ಕಾಲವೂ ಹೆಚ್ಚು ಉಳಿದಿರಲಿಲ್ಲ.

ಕ್ಯಾಮರಾದ ಮೇಲಿದ್ದ ಫ್ಲ್ಯಾಶನ್ನು ತೋರಿಸಿ, “ಅಜ್ಜಿ, ಇದರ ಬೆಳಕು ಹಾಕಿದರೆ ಆಗುತ್ತದೆಯೇ?” ಎಂದು ಕೇಳಿದೆ. ಅವರು ತಲೆಯಾಡಿಸಿದರು. “ಅದು ಬೇಡ ಮಗಾ. ಅದು ಹೊಡೆದರೆ ಎದುರಿಗೆ ಯಾರಿದ್ದಾರೆ ಅಂತಲೇ ಗೊತ್ತಾಗಲ್ಲ. ನನ್ನ ಮುಖ ನಿನಗೆ ಕಾಣಬೇಕು, ಸರಿ. ನಿನ್ನ ಮುಖ ನನಗೂ ಕಾಣಬೇಕಲ್ಲ?”

ಮನೆಯ ನಡುಕೋಣೆಯ ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತು. ಮೊಮ್ಮಗ ಏಣಿ ಹತ್ತಿ ಅದರ ಒಳಮೈಯ ಧೂಳು, ಮಸಿಯನ್ನು ಒರೆಸಿದ. ಮಂಚವನ್ನು ನಾಲ್ವರು ಹಿಡಿದು ಅದರ ಕೆಳಗಲ್ಲ, ತುಸು ಪಕ್ಕಕ್ಕೆ ತಂದಿಟ್ಟೆವು, ಬೆಳಕು ನೆತ್ತಿಯ ಮೇಲೆ ಬೀಳದೆ ಕೆನ್ನೆಯ ಮೇಲೆ ಬೀಳಲೆಂದು. ಕತ್ತಲಿದ್ದ ಮಗ್ಗುಲಿಗೆ ಒಂದು ಬಿಳಿ ಪಂಚೆಯನ್ನು ಹಗ್ಗಕ್ಕೆ ಹರವಿದೆವು. ಗಾಜಿನ ಹೆಂಚಿನಿಂದ ಇಳಿದ ಬೆಳಕು ಅದಕ್ಕೆ ತಾಗಿ ಹಿಂದಿರುಗಿ ಅಜ್ಜಿಯ ಇನ್ನೊಂದು ಕೆನ್ನೆಯನ್ನು ಮೆಲ್ಲಗೆ ಮುಟ್ಟಿತು. ಬೋರಲು ಹಾಕಿದ ಅಕ್ಕಿಯ ಡಬ್ಬದ ಮೇಲೆ ಕ್ಯಾಮರಾ ಇಟ್ಟೆ. ಐ.ಎಸ್.ಒ. 800, ಎಫ್/2.8, 1/15 ಸೆಕೆಂಡು. ಅವರ ಮದುವೆಯ ದಿನದ ಮಾತು ತೆಗೆದೆ. ಮಾತಾಡುತ್ತ ಮಾತಾಡುತ್ತ ಅವರು ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದರು. ಆ ಬಿಡುವಿನಲ್ಲಿ ಶಟರ್ ಒತ್ತುತ್ತಿದ್ದೆ. ಹಲವು ಚಿತ್ರಗಳು ಕದಡಿದವು. ಒಂದು ಉಳಿಯಿತು. ಅದರಲ್ಲಿ ಜಪಸರ ಹಿಡಿದ ಬೆರಳುಗಳು ತುಸು ಮಸುಕಾಗಿವೆ, ಏಕೆಂದರೆ ಅವು ಆಗಲೂ ಮಣಿ ಎಣಿಸುತ್ತಿದ್ದವು. ಕಣ್ಣುಗಳು ಮಾತ್ರ ನೆಟ್ಟಗೆ ನನ್ನ ಕಡೆಗಿವೆ.

ಮುಂದಿನ ಮಳೆಗಾಲದಲ್ಲಿ ಅಜ್ಜಿ ಪ್ರಭುವಿನಲ್ಲಿ ನಿದ್ರೆಹೋದರು. ಶವಪೆಟ್ಟಿಗೆಯ ಬಳಿ ಆ ಚಿತ್ರವನ್ನಿಟ್ಟಿದ್ದರು. ಸೊಸೆ ಹತ್ತಿರ ಬಂದು, “ಅತ್ತೆ ನಮ್ಮನ್ನೇ ನೋಡ್ತಾ ಇದ್ದಾರೆ ಅಣ್ಣಾ” ಎಂದಷ್ಟೇ ಹೇಳಿದರು.

ಗಾಜಿನ ಹೆಂಚು ಎಲ್ಲೆಡೆ ಇರುವುದಿಲ್ಲ. ಹಗಲೂ ಎಲ್ಲ ಹೊತ್ತು ಇರುವುದಿಲ್ಲ. ಫ್ಲ್ಯಾಶ್ ಬೇಕೇ ಬೇಕಾಗುವ ಸಂದರ್ಭಗಳಿವೆ: ರಾತ್ರಿಯ ಮದುವೆ, ಓಡಾಡುವ ಮಕ್ಕಳು, ದೊಡ್ಡ ಗುಂಪು. ಆಗ ಅದನ್ನು ಹದವರಿತು ಬಳಸಲು ಅದರ ಸ್ವಭಾವ ತಿಳಿದಿರಬೇಕು. ಮೆಗ್ನೀಸಿಯಂ ಪುಡಿಯ ಕಾಲ ಮುಗಿದು, 1929ರಲ್ಲಿ ಜರ್ಮನಿಯಲ್ಲಿ ಒಂದು ಚಿತ್ರಕ್ಕೆ ಒಂದರಂತೆ ಉರಿದುಹೋಗುವ ಫ್ಲ್ಯಾಶ್ ಬಲ್ಬುಗಳು ಬಂದವು. 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಜರ್ಟನ್ ಅನಿಲ ತುಂಬಿದ ನಳಿಗೆಯಲ್ಲಿ ವಿದ್ಯುತ್ತನ್ನು ಹಾಯಿಸಿ ಮತ್ತೆ ಮತ್ತೆ ಬೆಳಗುವ ಫ್ಲ್ಯಾಶನ್ನು ರೂಪಿಸಿದರು. ಇಂದು ಕ್ಯಾಮರಾಗಳ ಮೇಲೆ ನಾವು ಸಿಕ್ಕಿಸುವ ಫ್ಲ್ಯಾಶುಗಳು ಅದರ ಸಂತತಿ. ಅವುಗಳ ಬೆಳಕಿನ ಆಯುಷ್ಯ ಸೆಕೆಂಡಿನ ಸಾವಿರದಲ್ಲೊಂದು ಭಾಗ, ಅಥವಾ ಅದಕ್ಕಿಂತಲೂ ಕಡಿಮೆ.

ಈ ಬೆಳಕು ದೂರ ಹೋದಂತೆ ಬಲುಬೇಗ ಸೊರಗುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ. ನಾಲ್ಕರಷ್ಟಾದರೆ ಹದಿನಾರರಲ್ಲೊಂದು ಭಾಗ. ದೇವಾಲಯದ ಹಿಂಬದಿಯಿಂದ ಫ್ಲ್ಯಾಶ್ ಹೊಡೆದವರ ಚಿತ್ರದಲ್ಲಿ ಮುಂದಿನ ಸಾಲಿನ ತಲೆಗಳು ಸುಣ್ಣದಂತೆ ಬೆಳಗಿ, ಪೀಠವು ಕತ್ತಲಲ್ಲೇ ಉಳಿಯುವುದು ಇದರಿಂದಲೇ. ಫೋನಿನ ಪುಟ್ಟ ದೀಪ ಎರಡು ಮೂರು ಮೀಟರ್ ಆಚೆಗೆ ಏನನ್ನೂ ಮಾಡಲಾರದು. ಅಲ್ಲಿಂದ ಅದನ್ನು ಹೊಡೆದರೆ ಚಿತ್ರಕ್ಕೆ ಲಾಭವಿಲ್ಲ, ಪ್ರಾರ್ಥಿಸುವವರಿಗೆ ತೊಂದರೆ ಮಾತ್ರ.

ಇನ್ನು ದಿಕ್ಕಿನ ವಿಚಾರ. ಕ್ಯಾಮರಾದ ನೆತ್ತಿಯ ಮೇಲಿಂದ ನೇರವಾಗಿ ಬೀಳುವ ಬೆಳಕು ಮುಖದ ಏರುತಗ್ಗುಗಳನ್ನೆಲ್ಲ ಒರೆಸಿಹಾಕುತ್ತದೆ. ದೀಪವು ಮಸೂರಕ್ಕೆ ತೀರಾ ಹತ್ತಿರವಿದ್ದರೆ ಬೆಳಕು ಅರಳಿದ ಪಾಪೆಯೊಳಗೆ ಹೊಕ್ಕು, ಕಣ್ಣಿನ ಹಿಂಬದಿಯ ರಕ್ತನಾಳಗಳ ಕೆಂಪನ್ನು ಹೊತ್ತು ಹಿಂದಿರುಗುತ್ತದೆ. ಚಿತ್ರದಲ್ಲಿ ಕೆಂಗಣ್ಣು ಮೂಡುವುದು ಹೀಗೆ. ರೋಮ್ ನಗರದ ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ದೇವಾಲಯದಲ್ಲಿ ಕಾರವಾಜ್ಜೊ 1599–1600ರಲ್ಲಿ ಬರೆದ ‘ಸಂತ ಮತ್ತಾಯನ ಕರೆ’ ಎಂಬ ವರ್ಣಚಿತ್ರವನ್ನು ನೀವು ಎಲ್ಲಾದರೂ ಮುದ್ರಣದಲ್ಲಿ ಕಂಡಿರಬಹುದು. ಅದರಲ್ಲಿ ಬೆಳಕು ಬಲಗಡೆಯ ಮೇಲಿನಿಂದ, ಯೇಸುಸ್ವಾಮಿಯ ತಲೆಯ ಮೇಲಿಂದ ಓರೆಯಾಗಿ ಹಾಯ್ದು ಸುಂಕದವರ ಮೇಜನ್ನು ತಲುಪುತ್ತದೆ. ಗೋಡೆಯಲ್ಲಿ ಕಿಟಕಿಯೊಂದಿದ್ದರೂ ಬೆಳಕು ಅದರದ್ದಲ್ಲ. ಕೋಣೆಯ ಅರ್ಧಭಾಗ ಕತ್ತಲಲ್ಲೇ ಇದೆ. ಯಾರನ್ನು ಕಾಣಬೇಕೋ ಅವರು ಮಾತ್ರ ಕಾಣುತ್ತಾರೆ. ಬೆಳಕು ಪಕ್ಕದಿಂದ ಬರಲಿ, ಎಲ್ಲವನ್ನೂ ಬೆಳಗಿಸುವ ಹಟ ಬೇಡ: ಈ ಎರಡು ಪಾಠಗಳನ್ನು ಆ ಚಿತ್ರವೊಂದರಿಂದಲೇ ಕಲಿಯಬಹುದು.

ಇದನ್ನು ನಮ್ಮ ಮನೆಗಳಲ್ಲಿ ಮಾಡುವುದು ಕಷ್ಟವಲ್ಲ. ತಿರುಗಿಸಬಹುದಾದ ಫ್ಲ್ಯಾಶ್ ಇದ್ದರೆ ಅದರ ಮುಖವನ್ನು ಬಿಳಿ ತಾರಸಿಗೋ ಪಕ್ಕದ ಗೋಡೆಗೋ ತಿರುಗಿಸಿ. ಅಲ್ಲಿ ತಾಗಿ ಹರಡಿ ಬರುವ ಬೆಳಕು ಮೃದುವಾಗುತ್ತದೆ. ಹೆಂಚಿನ ಮನೆಯಲ್ಲಿ ಮೇಲಿರುವುದು ಮಸಿ ಹಿಡಿದ ತೊಲೆಗಳು; ಅಲ್ಲಿಗೆ ತಿರುಗಿಸಿದರೆ ಬೆಳಕು ಹಿಂದಿರುಗಿ ಬರುವುದಿಲ್ಲ. ಹಸಿರು, ನೀಲಿ ಬಣ್ಣ ಬಳಿದ ಗೋಡೆಗೆ ತಿರುಗಿಸಿದರೆ ಮದುಮಗಳ ಮುಖಕ್ಕೂ ಅದೇ ಬಣ್ಣ ಬರುತ್ತದೆ. ಆಗ ಒಂದು ಬಿಳಿ ಹಾಸಿಗೆ ಬಟ್ಟೆಯನ್ನು ಯಾರಾದರೂ ಹಿಡಿದು ನಿಂತರೆ ಸಾಕು. ಫ್ಲ್ಯಾಶಿನ ಬೆಳಕು ತುಸು ನೀಲಿಯತ್ತ ವಾಲುತ್ತದೆ, ದೀಪದ್ದು ಹಳದಿ. ಫ್ಲ್ಯಾಶಿನ ಮುಂದೆ ಹಳದಿ ಜಿಲೆಟಿನ್ ಕಾಗದದ ಒಂದು ಚೂರನ್ನು ಅಂಟಿಸಿದರೆ ಎರಡೂ ಒಂದಕ್ಕೊಂದು ಹೊಂದುತ್ತವೆ.

ಇನ್ನೂ ಒಂದು ಗುಟ್ಟಿದೆ. ಫ್ಲ್ಯಾಶ್ ಕಣ್ಣುಮಿಟುಕುವುದರೊಳಗೆ ಮುಗಿದುಹೋಗುವುದರಿಂದ, ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಅದರ ಬೆಳಕು ಹೆಚ್ಚುವುದಿಲ್ಲ. ಆದರೆ ಕೋಣೆಯ ದೀಪದ ಬೆಳಕು ಹೆಚ್ಚುತ್ತದೆ. ಆದ್ದರಿಂದ ಫ್ಲ್ಯಾಶಿನ ಬಲವನ್ನು ತಗ್ಗಿಸಿ, ಶಟರನ್ನು 1/15 ಸೆಕೆಂಡಿನಷ್ಟು ನಿಧಾನಗೊಳಿಸಿದರೆ, ಮುಖ ಸ್ಪಷ್ಟವಾಗುತ್ತದೆ, ಹಿಂದಿನ ದೀಪಗಳೂ ಉಳಿಯುತ್ತವೆ. ತಂದ ಬೆಳಕು ಇದ್ದ ಬೆಳಕನ್ನು ಕೊಲ್ಲದೆ ಅದರೊಡನೆ ಬಾಳುತ್ತದೆ.

ನಮ್ಮ ಮೈಬಣ್ಣದ ಬಗೆಗೂ ಎರಡು ಮಾತು. ಕೊಡಾಕ್ ಕಂಪನಿಯು ವರ್ಣಚಿತ್ರಗಳ ಮುದ್ರಣವನ್ನು ಸರಿಹೊಂದಿಸಲು ಪ್ರಯೋಗಾಲಯಗಳಿಗೆ ಒಂದು ಮಾದರಿ ಚಿತ್ರವನ್ನು ಕಳುಹಿಸುತ್ತಿತ್ತು. ಅದನ್ನು ‘ಶರ್ಲಿ ಕಾರ್ಡ್’ ಎಂದು ಕರೆಯುತ್ತಿದ್ದರು. ದಶಕಗಳ ಕಾಲ ಆ ಚಿತ್ರದಲ್ಲಿದ್ದುದು ಬಿಳಿ ಮೈಬಣ್ಣದ ಹೆಂಗಸು. ಜಗತ್ತಿನ ಬೇರೆ ಬೇರೆ ಮೈಬಣ್ಣಗಳವರನ್ನು ಒಟ್ಟಿಗೆ ತೋರಿಸುವ ಮಾದರಿಗಳು ಬಂದದ್ದು 1990ರ ದಶಕದಲ್ಲಿ. ಕಪ್ಪು ಮುಖಗಳು ಚಿತ್ರದಲ್ಲಿ ಸರಿಯಾಗಿ ಮೂಡದಿದ್ದರೆ ತಪ್ಪು ಆ ಮುಖಗಳದ್ದೆಂದು ಎಷ್ಟೋ ಮಂದಿ ನಂಬಿದ್ದರು. ನಮ್ಮ ಮದುವೆಗಳಲ್ಲಿ ಹುಡುಗಿಯ ಮುಖಕ್ಕೆ ಪೌಡರ್ ಮೆತ್ತಿ, ಮೇಲೆ ಫ್ಲ್ಯಾಶ್ ಹೊಡೆದು ಬೆಳ್ಳಗಾಗಿಸುವ ರೂಢಿಯಲ್ಲಿ ಆ ನಂಬಿಕೆಯ ಎಳೆಯೂ ಇದೆಯೆಂದು ನನಗನ್ನಿಸುತ್ತದೆ. ಬಿಳಿ ಸೀರೆ ಹೆಚ್ಚಿನ ಜಾಗವನ್ನು ತುಂಬಿದಾಗ ಕ್ಯಾಮರಾ ತಾನಾಗಿ ಇಡೀ ಚಿತ್ರವನ್ನು ಮಂಕಾಗಿಸುತ್ತದೆ. ಮುಖ ಮತ್ತಷ್ಟು ಕಪ್ಪಾಗುತ್ತದೆ. ಬೆಳಕಿನ ಅಳತೆಯನ್ನು ಮುಖದಿಂದ ತೆಗೆದುಕೊಂಡರೆ ಇದು ನೀಗುತ್ತದೆ. ಪಕ್ಕದಿಂದ ಬರುವ ಮೃದುವಾದ ಬೆಳಕಿನಲ್ಲಿ ಕಪ್ಪು ಕೆನ್ನೆಗೆ ಬರುವ ಹೊಳಪನ್ನು ಒಮ್ಮೆ ಕಂಡವರು ಪೌಡರಿನ ಡಬ್ಬಿಯನ್ನು ತಾವಾಗಿ ಬದಿಗಿಡುತ್ತಾರೆ.

ಫ್ರಾನ್ಸಿನ ಜಾರ್ಜ್ ದ ಲಾ ಟೂರ್ ಸುಮಾರು 1642ರಲ್ಲಿ ಬರೆದ ‘ಬಡಗಿ ಸಂತ ಜೋಸೆಫ’ ಎಂಬ ಚಿತ್ರ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ರಾತ್ರಿಯ ಹೊತ್ತು ಜೋಸೆಫರು ಬಾಗಿ ಮರ ಕೊರೆಯುತ್ತಿದ್ದಾರೆ. ಬಾಲಯೇಸು ಎದುರಿಗೆ ಮೇಣದಬತ್ತಿ ಹಿಡಿದಿದ್ದಾರೆ. ಜ್ವಾಲೆಗೆ ಅಡ್ಡಲಾಗಿ ಹಿಡಿದ ಪುಟ್ಟ ಅಂಗೈಯ ಮೂಲಕ ಬೆಳಕು ಕೆಂಪಗೆ ತೂರಿ ಬರುತ್ತಿದೆ. ಮತ್ತೊಬ್ಬರ ಕೆಲಸಕ್ಕೆ ಬೆಳಕು ಹಿಡಿಯುವವರು ಹೇಗೆ ಹಿಡಿಯಬೇಕೆಂಬುದನ್ನು ಅದಕ್ಕಿಂತ ಚೆನ್ನಾಗಿ ತೋರಿಸಿದ ಚಿತ್ರವನ್ನು ನಾನು ಕಂಡಿಲ್ಲ.

ನಿಮ್ಮ ಮನೆಯ ಮಕ್ಕಳ ಕೈಯಲ್ಲಿ ಇಂದು ಒಂದೊಂದು ಕ್ಯಾಮರಾ ಇದೆ. ಅವರಿಗೆ ಇಷ್ಟನ್ನು ಹೇಳಿಕೊಡಿ. ಕತ್ತಲ ಕೋಣೆಗೆ ಹೋದೊಡನೆ ದೀಪದ ಗುಂಡಿಗೆ ಕೈಹಾಕಬೇಡಿ. ಒಂದೆರಡು ನಿಮಿಷ ಸುಮ್ಮನೆ ನಿಂತು, ಬೆಳಕು ಎಲ್ಲಿಂದ ಬರುತ್ತಿದೆಯೆಂದು ನೋಡಿ. ಮುಚ್ಚಿದ ಕಿಟಕಿಯಿದ್ದರೆ ಮನೆಯವರನ್ನು ಕೇಳಿ ತೆರೆಯಿರಿ. ಜನರನ್ನು ಬೆಳಕಿನ ಕಡೆಗೆ ಕರೆಯಿರಿ. ಮೊಣಕೈಯನ್ನು ಬೆಂಚಿಗೋ ಗೋಡೆಗೋ ಆನಿಸಿ ಹಿಡಿಯಿರಿ. ಫ್ಲ್ಯಾಶ್ ಬೇಕೆನಿಸಿದರೆ ಮೊದಲು ಒಂದು ಮಾತು ಕೇಳಿ, ಬೇಡವೆಂದರೆ ಒತ್ತಾಯಿಸಬೇಡಿ. ಬಲಿಪೂಜೆಯ ಹೊತ್ತಿನಲ್ಲಿ ಒಬ್ಬರೇ ಚಿತ್ರ ತೆಗೆಯಲಿ, ಉಳಿದವರು ಪ್ರಾರ್ಥಿಸಲಿ. ಚಿತ್ರ ಚೆನ್ನಾಗಿ ಬಂದರೆ ಒಂದು ಪ್ರತಿಯನ್ನು ಕಾಗದದ ಮೇಲೆ ಮುದ್ರಿಸಿ, ಚಿತ್ರದಲ್ಲಿರುವವರ ಮನೆಗೆ ನೀವೇ ಹೋಗಿ ಕೈಗೆ ಕೊಟ್ಟು ಬನ್ನಿ.